ಹಳದಿ ಚೀಟಿಯ ತಾರೀಕು

ಹಳದಿ ಚೀಟಿಗಳು ಮನೆಗೆ ಬಂದದ್ದು ಒಂದು ಬುಧವಾರ ಸಂಜೆ, ಬೂಟಿನ ಡಬ್ಬಿಯಲ್ಲಿ. ಒಟ್ಟು ನೂರ ಹನ್ನೆರಡು. ಅಂಗೈ ಅಗಲದ ದಪ್ಪ ಕಾಗದ, ತಲೆಯಲ್ಲೊಂದು ತೂತು, ತೂತಿನಲ್ಲಿ ತೆಳ್ಳಗಿನ ತಂತಿ. ಅಪ್ಪ ಡಬ್ಬಿಯನ್ನು ಊಟದ ಮೇಜಿನ ಮೇಲಿಟ್ಟು, ಕೈಕಾಲು ತೊಳೆಯುವ ಮೊದಲೇ ಮಗಳನ್ನು ಕರೆದ.

"ಪೆನ್ಸಿಲ್, ಬಾ ಇಲ್ಲಿ. ನಿನಗೊಂದು ಕೆಲಸ ತಂದಿದ್ದೀನಿ."

ಮಗಳಿಗೆ ಒಂಬತ್ತು ವರ್ಷ. ಮೈ ಕಡ್ಡಿಯಂತೆ, ಕೈಯಲ್ಲಿ ಯಾವಾಗಲೂ ಪೆನ್ಸಿಲ್. ಹೆಸರು ಹಾಗೆ ಅಂಟಿಕೊಂಡಿತ್ತು. ಶಾಲೆಯ ಕೈಬರಹ ಸ್ಪರ್ಧೆಯಲ್ಲಿ ಎರಡು ವರ್ಷ ಅವಳದೇ ಮೊದಲ ಬಹುಮಾನ. ಅಪ್ಪನ ಅಕ್ಷರ ಕೋಳಿ ಕೆದರಿದ ಹಾಗೆ.

ಶಾಲೆ, ಅಂಗಡಿ, ಕಾರ್ಖಾನೆಗಳ ಗೋಡೆಗೆ ನೇತುಹಾಕುವ, ಬೆಂಕಿ ಆರಿಸುವ ಕೆಂಪು ಸಿಲಿಂಡರ್‌ಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ವರ್ಷಕ್ಕೊಮ್ಮೆ ಪ್ರತಿಯೊಂದನ್ನೂ ಇಳಿಸಿ ತೂಕ ಮಾಡಬೇಕು. ಒಳಗಿನ ಪುಡಿ ಹೆಪ್ಪುಗಟ್ಟಿದ್ದರೆ ತೆಗೆದು ಹೊಸದು ತುಂಬಬೇಕು, ಒತ್ತಡದ ಮುಳ್ಳು ನೋಡಬೇಕು, ಕೊನೆಗೆ ಕುತ್ತಿಗೆಗೆ ತಾರೀಕಿನ ಚೀಟಿ ಕಟ್ಟಬೇಕು. ಈ ವರ್ಷ ಅವನ ಕಂಪನಿಯ ಮಾಲೀಕ ಪುಡಿ ತರಿಸಿರಲಿಲ್ಲ. ಚೀಟಿ ಮಾತ್ರ ಅಚ್ಚು ಹಾಕಿಸಿದ್ದ.

"ಏನು ಬರೀಬೇಕಪ್ಪ?"

"ಮೇಲಿನ ಗೆರೆಯಲ್ಲಿ, ತುಂಬಲಾಗಿದೆ, ಪರೀಕ್ಷಿಸಲಾಗಿದೆ. ಕೆಳಗೆ ತಾರೀಕು, ಹನ್ನೆರಡು."

"ಇವತ್ತು ಹದಿನೇಳಲ್ವಾ?"

"ಹನ್ನೆರಡು ಅಂತ ಬರೀ. ಪರೀಕ್ಷೆ ಮುಗಿಸೋಕೆ ಕಡೇ ದಿನ ಅವತ್ತೇ ಇತ್ತು."

ಅವಳು ಮೂರು ಸಂಜೆ ಕೂತು ಬರೆದಳು. ಒಂದರಲ್ಲೂ ಕಾಟು ಹೊಡೆಯಲಿಲ್ಲ. ತಲೆಕಟ್ಟಿನ ತುದಿಯನ್ನು ಕೊಂಚ ಮೇಲಕ್ಕೆ ಸುರುಳಿ ಮಾಡುವುದು ಅವಳ ರೂಢಿ. ನೂರ ಹನ್ನೆರಡು ಚೀಟಿಯಲ್ಲೂ ಸುರುಳಿಗಳು ಸಾಲಾಗಿ ನಿಂತವು. ಅಮ್ಮ ಅಡುಗೆಮನೆಯಿಂದ ಇಣುಕಿ, "ಬೆರಳು ನೋವಾಗಲ್ವೇನೇ?" ಎಂದು ಕೇಳಿ ಹೋದಳು. ಅವಳಿಗೆ ಅದು ಅಪ್ಪ ಮಗಳ ಆಟದ ಹಾಗೆ ಕಂಡಿತು.

ಮುಂದಿನ ವಾರ ಶಾಲೆಯ ಮೆಟ್ಟಿಲ ಪಕ್ಕದ ಸಿಲಿಂಡರ್‌ನಲ್ಲಿ ಹಳದಿ ಚೀಟಿ ತೂಗಾಡುತ್ತಿತ್ತು. ಪೆನ್ಸಿಲ್ ಮೂವರು ಗೆಳತಿಯರನ್ನು ಕರೆತಂದು ತೋರಿಸಿದಳು. ಆ ದಿನ ಅವಳ ಕಾಲು ನೆಲದ ಮೇಲಿರಲಿಲ್ಲ.

*

ಮನೆಯಲ್ಲಿ ಸಂಜೆಯ ಊಟಕ್ಕೆ ಅಜ್ಜಿಯ ಕಥೆ ಇರಲೇಬೇಕು. ಅಪ್ಪನ ತಾಯಿ ಅವಳು. ಶಿಶುವಿಹಾರದಲ್ಲಿ ಇಪ್ಪತ್ತಾರು ವರ್ಷ ಆಯಾ ಆಗಿದ್ದವಳು. ಬುದ್ಧ ಹಿಂದಿನ ಜನ್ಮಗಳಲ್ಲಿ ಕೋತಿಯಾಗಿ, ಆನೆಯಾಗಿ, ಜಿಂಕೆಯಾಗಿ ಹುಟ್ಟಿದ ಕಥೆಗಳು ಅವಳ ಬಳಿ ಎಷ್ಟಿದ್ದವೆಂದು ಯಾರೂ ಎಣಿಸಿರಲಿಲ್ಲ. ಉಣ್ಣದ ಮಕ್ಕಳಿಗೆ ಉಣ್ಣಿಸಲು ಕಲಿತ ವಿದ್ಯೆ ಅದು: ಒಂದು ತುತ್ತಿಗೆ ಒಂದು ತಿರುವು.

ಆ ಮಂಗಳವಾರ ಅನ್ನ, ಹುರುಳಿಕಾಯಿ, ಬೇಯಿಸಿದ ಮೊಟ್ಟೆ.

"ಒಂದು ಕಾಡು," ಅಜ್ಜಿ ಶುರುಮಾಡಿದಳು. "ಕಾಡಲ್ಲಿ ಒಂದು ಲಾವಕ್ಕಿ ಗೂಡು. ಲಾವಕ್ಕಿ ಗೊತ್ತಲ್ಲ, ನೆಲದ ಮೇಲೆ ಓಡಾಡೋ ಸಣ್ಣ ಹಕ್ಕಿ. ಗೂಡಲ್ಲಿ ಒಂದೇ ಮರಿ. ಆ ಮರೀನೇ ಬುದ್ಧ. ಬಾಯಿ ತೆಗಿ."

ಪೆನ್ಸಿಲ್ ಬಾಯಿ ತೆಗೆದಳು.

"ಒಂದಿನ ಕಾಡಿಗೆ ಬೆಂಕಿ ಬಿತ್ತು. ಹಕ್ಕಿಗಳೆಲ್ಲ ಹಾರಿಹೋದ್ವು. ಮರಿಯ ಅಪ್ಪ ಅಮ್ಮಾನೂ ಹೋದರು."

"ಮರಿಯನ್ನ ಬಿಟ್ಟು?"

"ಜೀವದ ಭಯ ಮಗು, ಬಿಟ್ಟೇ ಹೋದರು. ಬೆಂಕಿ ಚಟಪಟ ಅಂತ ಗೂಡಿನ ಹತ್ತಿರಕ್ಕೇ ಬಂತು. ಆಗ ಮರಿ ಏನು ಹೇಳ್ತು? 'ನನಗೆ ರೆಕ್ಕೆ ಇದೆ, ಹಾರೋಕೆ ಬರಲ್ಲ. ಕಾಲಿದೆ, ನಡೆಯೋಕೆ ಬರಲ್ಲ. ಅಪ್ಪ ಅಮ್ಮ ಬಿಟ್ಟು ಹೋಗಿದ್ದಾರೆ. ಇದಿಷ್ಟೂ ನಿಜ. ಬೆಂಕಿಯೇ, ಹಿಂದಕ್ಕೆ ಹೋಗು.' ಅಷ್ಟೇ. ನಿಜದ ಮಾತು ಕೇಳಿ ಬೆಂಕಿ ಹದಿನಾರು ಹೆಜ್ಜೆ ಹಿಂದಕ್ಕೆ ಹೋಗಿ ನೀರಲ್ಲಿ ಅದ್ದಿದ ಪಂಜಿನ ಹಾಗೆ ಆರಿಹೋಯ್ತು."

ಪೆನ್ಸಿಲ್ ಬಾಯಲ್ಲಿದ್ದ ಮೊಟ್ಟೆಯನ್ನು ನುಂಗಲಿಲ್ಲ. "ಅಜ್ಜಿ, ಮರಿ ಸುಳ್ಳು ಹೇಳಿದ್ರೆ?"

"ಸುಟ್ಟು ಬೂದಿಯಾಗ್ತಿತ್ತು. ಇನ್ನೊಂದು ತುತ್ತು."

"ಬೇಡ."

"ನಾಲ್ಕೇ ತುತ್ತು ತಿಂದಿದ್ದೀಯಲ್ಲೇ!"

ಅವಳು ಎದ್ದು ಕೈ ತೊಳೆದುಕೊಂಡು, ಅಪ್ಪ ಅಮ್ಮ ಮಲಗುವ ಕೋಣೆಗೆ ಹೋದಳು. ಕಪಾಟಿನ ಕೆಳಗಿನ ಖಾನೆಯಲ್ಲಿ ಒಂದು ನೀಲಿ ನೋಟ್‌ಬುಕ್ ಇತ್ತು. ಚೀಟಿಗಳು ಬರುವ ಹಿಂದಿನ ವಾರ ಅಪ್ಪನಿಗೆ ಜ್ವರ ಬಂದಾಗ, ಅಮ್ಮ ಜ್ವರದ ಕಡ್ಡಿ ಓದಿ ಹೇಳಿದ್ದನ್ನು ಬರೆದಿಟ್ಟವಳು ಅವಳೇ. ಪುಟ ತಿರುಗಿಸಿ ನೋಡಿದಳು. ಹನ್ನೆರಡು, ಬೆಳಿಗ್ಗೆ: ನೂರ ಎರಡು. ಹನ್ನೆರಡು, ಮಧ್ಯಾಹ್ನ: ನೂರ ಮೂರು. ಹನ್ನೆರಡು, ಸಂಜೆ: ನೂರ ಎರಡು.

ಹನ್ನೆರಡನೇ ತಾರೀಕು ಅಪ್ಪ ಹಾಸಿಗೆಯಿಂದ ಎದ್ದಿರಲಿಲ್ಲ. ಅವಳೇ ಚಮಚದಲ್ಲಿ ನೀರು ಕುಡಿಸಿದ್ದಳು.

*

ಚೀಟಿ ಬಂದ ಎರಡನೇ ವಾರದ ಕೊನೆಯಿಂದ ಮನೆಯಲ್ಲಿ ಬೆಂಕಿಪೆಟ್ಟಿಗೆಗಳು ಕಾಣೆಯಾಗತೊಡಗಿದವು. ಒಂದು ಅಕ್ಕಿ ಡಬ್ಬದಲ್ಲಿ ಸಿಕ್ಕಿತು, ಇನ್ನೊಂದು ಚಪ್ಪಲಿ ಗೂಡಿನಲ್ಲಿ, ನೆನೆದು. ಹಿತ್ತಲ ಬಾಗಿಲಲ್ಲಿ ನೀರು ತುಂಬಿದ ಬಕೆಟ್ ಬಂದು ಕೂತಿತು. ಮಾರನೆಯ ದಿನ ಮುಂಬಾಗಿಲಲ್ಲೂ. ಅಮ್ಮ ಬೆಳಿಗ್ಗೆ ಅವಸರದಲ್ಲಿ ಅದಕ್ಕೆ ಎಡವಿ ಕೆಲಸದ ಬಟ್ಟೆಯನ್ನೆಲ್ಲ ಒದ್ದೆ ಮಾಡಿಕೊಂಡಳು.

"ಯಾರು ಇಟ್ಟಿದ್ದು ಇದನ್ನ?"

ಸಂಜೆ ಅವಳು ಬರುವ ಹೊತ್ತಿಗೆ ಬಕೆಟ್ ಮತ್ತೆ ತುಂಬಿತ್ತು.

ಆಮೇಲೆ ಪೆನ್ಸಿಲ್‌ಗೆ ಹೊಟ್ಟೆನೋವು ಶುರುವಾಯಿತು. ಶಾಲೆಯ ಚೀಲ ಹೆಗಲಿಗೇರಿಸಿದ ಕೂಡಲೇ ನೋವು, ಇಳಿಸಿದರೆ ಇಲ್ಲ. ಡಾಕ್ಟರು ಹೊಟ್ಟೆ ಒತ್ತಿ ನೋಡಿ ಏನೂ ಇಲ್ಲ ಎಂದರು. ಶಾಲೆಯಿಂದ ಟೀಚರ್ ಹೇಳಿಕಳಿಸಿದರು: ಹುಡುಗಿ ಬೆಂಚು ಬಿಟ್ಟು ಬಾಗಿಲ ಹತ್ತಿರ ನೆಲದ ಮೇಲೆ ಕೂರುತ್ತಾಳೆ, ಯಾಕೆಂದು ಕೇಳಿದರೆ ಇಲ್ಲಿಂದ ಮೆಟ್ಟಿಲಿಗೆ ಹನ್ನೊಂದೇ ಹೆಜ್ಜೆ ಎನ್ನುತ್ತಾಳೆ. ಊಟ ಕಡಿಮೆಯಾಗುತ್ತ ಬಂತು. ಮೂರನೇ ವಾರದಲ್ಲಿ ಅಮ್ಮ ಅವಳ ಲಂಗಕ್ಕೆ ಪಿನ್ನು ಹಾಕಬೇಕಾಯಿತು.

ಪಿನ್ನು ಹಾಕಿದ ಅಮ್ಮ ನೇರವಾಗಿ ಅಡುಗೆಮನೆಗೆ ಬಂದಳು. ಅಜ್ಜಿ ಆಲೂಗಡ್ಡೆ ಸುಲಿಯುತ್ತಿದ್ದಳು.

"ಅತ್ತೆ, ಇನ್ನು ಆ ಕಥೆ ಸಾಕು."

"ಯಾವ ಕಥೆ ಕಣಮ್ಮ?"

"ಬೆಂಕಿ ಕಥೆ. ಮಗು ಹೆದರಿ ಅರ್ಧ ಆಗಿದೆ, ನಿಮಗೆ ಕಾಣಿಸ್ತಿಲ್ವಾ?"

"ಇಪ್ಪತ್ತಾರು ವರ್ಷ ಹೇಳಿದ್ದೀನಿ. ಎಷ್ಟು ಮಕ್ಕಳು ಕೇಳಿವೆ. ಒಂದೂ ಬಕೆಟ್ ತುಂಬಿಸಿಡಲಿಲ್ಲ."

"ಈ ಮಗು ತುಂಬಿಸಿಡ್ತಿದೆಯಲ್ಲ! ಎಳೇ ಮರಿಯನ್ನ ಅಪ್ಪ ಅಮ್ಮ ಬಿಟ್ಟು ಹೋದ್ರು, ಸುಳ್ಳು ಹೇಳಿದ್ರೆ ಸುಟ್ಟು ಬೂದಿ, ಇದು ಊಟದ ಹೊತ್ತಲ್ಲಿ ಹೇಳೋ ಮಾತಾ?"

"ಮರಿ ಬದುಕಿತು ಅಂತಾನೂ ಹೇಳಿದ್ದೀನಿ."

"ಅವಳಿಗೆ ಬೂದಿ ಒಂದೇ ನೆನಪಿದೆ."

ಅಪ್ಪ ಬಾಗಿಲಲ್ಲಿ ನಿಂತಿದ್ದ. "ಹೋಗ್ಲಿ ಬಿಡಮ್ಮ. ಸ್ವಲ್ಪ ದಿನ ನಿಲ್ಲಿಸು," ಎಂದ, ಚಾಕು ಹಿಡಿದ ತಾಯಿಯ ಕೈಯನ್ನೇ ನೋಡುತ್ತ.

"ಸರಿಯಪ್ಪ. ಬಾಯಿಗೆ ಬೀಗ ಹಾಕ್ಕೊತೀನಿ. ಉಣ್ಣಿಸೋ ಕೆಲಸ ಇನ್ನು ನಿಮ್ಮದು."

ಅಂದಿನಿಂದ ಊಟದ ಮೇಜಿನಲ್ಲಿ ಚಮಚದ ಸದ್ದಷ್ಟೇ ಉಳಿಯಿತು. ಕಥೆ ನಿಂತರೂ ಬಕೆಟ್ ನಿಲ್ಲಲಿಲ್ಲ. ಈಗ ಮೂರಾಗಿದ್ದವು.

ಒಂದು ಸಂಜೆ ಅಜ್ಜಿ ಒಗೆದ ಬಟ್ಟೆ ಮಡಚುವಾಗ ಪೆನ್ಸಿಲ್ ಪಕ್ಕದಲ್ಲಿ ಬಂದು ಕೂತಳು. ಒಂದು ಕಾಲುಚೀಲಕ್ಕೆ ಜೋಡಿ ಹುಡುಕುತ್ತ ಕೇಳಿದಳು.

"ಅಜ್ಜಿ, ಬರೆದದ್ದು ಸುಳ್ಳಾದ್ರೆ ಅದು ಬರೆದವರ ಸುಳ್ಳಾ, ಬರೆಸಿದವರ ಸುಳ್ಳಾ?"

ಅಜ್ಜಿಯ ಕೈ ನಿಂತಿತು. "ಏನು ಬರೆದೆ ಮಗು?"

"ನಾನಲ್ಲ. ಸುಮ್ಮನೆ ಕೇಳ್ದೆ."

"ಯಾರು ಬರೆಸಿದ್ರು?"

ಪೆನ್ಸಿಲ್ ಕಾಲುಚೀಲವನ್ನು ಉಂಡೆ ಮಾಡಿ ಬುಟ್ಟಿಗೆ ಹಾಕಿ ಎದ್ದು ಹೋದಳು. ಅಜ್ಜಿ ಉಳಿದ ಬಟ್ಟೆ ಮಡಚಲಿಲ್ಲ.

*

ಅಮ್ಮ ಹೊಲಿಗೆ ಕಾರ್ಖಾನೆಯಲ್ಲಿ ಅಂಗಿಗೆ ಕಾಲರ್ ಕೂರಿಸುವವಳು. ಎರಡನೇ ಮಹಡಿ, ನಲವತ್ತೆರಡು ಮೆಷಿನ್, ನಲವತ್ತೆರಡು ಹೆಂಗಸರು. ಇಳಿಯಲು ಬಳಕೆಯಲ್ಲಿರುವುದು ಒಂದೇ ಮೆಟ್ಟಿಲ ದಾರಿ. ಎದುರು ಮೂಲೆಯಲ್ಲಿ ಹಿಂದಿನ ಮೆಟ್ಟಿಲಿಗೆ ಇನ್ನೊಂದು ಬಾಗಿಲಿದೆ, ಅದಕ್ಕೆ ಒರಗಿಸಿ ಬಟ್ಟೆಯ ಥಾನುಗಳನ್ನು ಎದೆಮಟ್ಟ ಪೇರಿಸಿದ್ದಾರೆ. ಮೆಷಿನ್ ಕೆಳಗೆ ಸಂಜೆಯ ಹೊತ್ತಿಗೆ ಕಾಲು ಹುದುಗುವಷ್ಟು ಚಿಂದಿ.

ನಾಲ್ಕನೇ ವಾರದ ಗುರುವಾರ ಮಧ್ಯಾಹ್ನ ಅವಳು ನೀರು ಕುಡಿಯಲು ಎದ್ದಳು. ನೀರಿನ ಡ್ರಮ್ಮಿನ ಪಕ್ಕದ ಗೋಡೆಯಲ್ಲಿ ಕೆಂಪು ಸಿಲಿಂಡರ್. ಲೋಟ ಬಾಯಿಗಿಟ್ಟಾಗ ಹಳದಿ ಚೀಟಿ ಕಣ್ಣಿನ ಮಟ್ಟಕ್ಕೇ ಇತ್ತು. ತಲೆಕಟ್ಟಿನ ತುದಿಯಲ್ಲಿ ಸುರುಳಿ. ಅವಳಿಗೆ ಒಂದು ಕ್ಷಣ ನಗು ಬಂತು. ನನ್ನ ಮಗಳ ಅಕ್ಷರ ಎಂದು ಪಕ್ಕದವಳಿಗೆ ಹೇಳಲು ತಿರುಗಿದಳು. ಆಗ ತಾರೀಕು ಕಂಡಿತು.

ಹನ್ನೆರಡು. ಅವತ್ತು ಅವಳು ರಜೆ ಹಾಕಿದ್ದಳು. ಗಂಡನ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಲು.

"ಏನಾಯ್ತೇ? ದೆವ್ವ ಕಂಡವಳ ಹಾಗೆ ನಿಂತಿದ್ದೀಯ," ಎಂದಳು ಪಕ್ಕದವಳು, ತೋಳು ಜೋಡಿಸುವವಳು.

"ಆ ಬಾಗಿಲ ಮುಂದಿನ ಥಾನು ಯಾವಾಗ ತೆಗೀತಾರೆ?"

"ನಾವು ಮುದುಕಿಯರಾದ ಮೇಲೆ. ಯಾಕೆ, ಓಡಿಹೋಗ್ಬೇಕಾ?"

ಅವಳು ಕೂತು ಮೆಷಿನ್ ತುಳಿದಳು. ಆ ದಿನ ಮೂರು ಕಾಲರ್ ತಿರುಗುಮುರುಗಾಗಿ ಕೂತವು.

ಸಂಜೆ ಅವಳು ಚೀಲವನ್ನೂ ಕೆಳಗಿಡಲಿಲ್ಲ. ಅಪ್ಪ ಬ್ರೆಡ್ಡು ತುಂಡು ಮಾಡುತ್ತಿದ್ದ, ಅಜ್ಜಿ ಹಾಲು ಬಿಸಿ ಮಾಡುತ್ತಿದ್ದಳು. ಪೆನ್ಸಿಲ್ ಒಲೆಯಿಂದ ದೂರ, ಬಾಗಿಲ ಬಳಿ, ಬಕೆಟ್ ಪಕ್ಕದಲ್ಲಿ.

"ರೀ, ನಮ್ಮ ಕಾರ್ಖಾನೆ ಸಿಲಿಂಡರ್ ಯಾವತ್ತು ತುಂಬಿದ್ರಿ?"

"ಚೀಟಿ ನೋಡಿದ್ಯಲ್ಲ."

"ಚೀಟಿ ನೋಡಿಯೇ ಕೇಳ್ತಿದ್ದೀನಿ."

"ತುಂಬಿದ್ದೀವಿ ಮಾರಾಯ್ತಿ. ಒಂದೊಂದನ್ನೂ ನಾನೇ ಇಳಿಸಿ ನೋಡಿದ್ದೀನಿ. ಈಗ ಕೆಲಸದ ಮಾತು ಬಿಡು, ಹಸಿವಾಗಿದೆ."

ಪೆನ್ಸಿಲ್ ಒಳಗೆ ಹೋಗಿ ಬಂದಳು. ನೀಲಿ ನೋಟ್‌ಬುಕ್ಕನ್ನು ಬ್ರೆಡ್ಡಿನ ತಟ್ಟೆಯ ಪಕ್ಕ ಬಿಚ್ಚಿಟ್ಟಳು. ಏನೂ ಹೇಳದೆ ಮತ್ತೆ ಬಕೆಟ್ ಬಳಿ ಹೋಗಿ ನಿಂತಳು.

ಅಪ್ಪ ಓದಿದ. ಬೆಳಿಗ್ಗೆ ನೂರ ಎರಡು, ಮಧ್ಯಾಹ್ನ ನೂರ ಮೂರು. ಹಾಲು ಉಕ್ಕಿ ಒಲೆಯ ಮೇಲೆ ಚುರ್ ಎಂದಿತು. ಪೆನ್ಸಿಲ್ ಕಿಟಾರನೆ ಕಿರುಚಿದಳು. ಅಜ್ಜಿ ಒಲೆ ಆರಿಸಿದಳು.

"ಮಗಳ ಕೈಯಲ್ಲಿ ಬರೆಸಿದ್ರಿ," ಅಮ್ಮನ ದನಿ ಏರಲಿಲ್ಲ. "ಅವಳ ಶಾಲೆಗೂ ಅದನ್ನೇ ಕಟ್ಟಿದ್ರಿ."

"ಎಲ್ಲರೂ ಮಾಡೋದೇ ಅದು! ಪುಡಿ ಇಲ್ಲ ಅಂದ್ರೆ ನಾನೇನು ಅಡುಗೆ ಹಿಟ್ಟು ತುಂಬಲಾ? ಮುಳ್ಳು ಹಸಿರಲ್ಲಿದೆ, ಎಲ್ಲದರಲ್ಲೂ ಹಸಿರಲ್ಲೇ ಇದೆ. ಹಸಿರಲ್ಲಿದ್ರೆ ಕೆಲಸ ಮಾಡುತ್ತೆ. ಹದಿನಾಲ್ಕು ವರ್ಷದಿಂದ ಇದೇ ಕೆಲಸದಲ್ಲಿದ್ದೀನಿ, ನನಗೆ ಗೊತ್ತಿಲ್ವಾ?"

"ಗೊತ್ತಿದ್ರೆ ತೋರಿಸೋ," ಎಂದಳು ಅಜ್ಜಿ. ಒಂದು ವಾರದಲ್ಲಿ ಅವಳು ಮಗನಿಗೆ ಆಡಿದ ಮೊದಲ ಪೂರ್ತಿ ಮಾತು ಅದು. "ಮಗು ಊಟ ಬಿಟ್ಟು ಎರಡು ವಾರ ಆಯ್ತು. ತೋರಿಸು ಅವಳಿಗೆ."

"ತೋರಿಸ್ತೀನಿ. ಭಾನುವಾರ ತೋರಿಸ್ತೀನಿ, ಎಲ್ಲರಿಗೂ."

*

ಭಾನುವಾರ ಬೆಳಿಗ್ಗೆ ಅವನು ಕಾರ್ಖಾನೆಯ ಸಿಲಿಂಡರನ್ನೇ ತಂದ. ಪರೀಕ್ಷೆಗೆ ಎಂದು ಕಾವಲುಗಾರನಿಗೆ ಹೇಳಿದ್ದ. ಹಿತ್ತಲಿನಲ್ಲಿ ಹಳೆಯ ತಗಡಿನ ಟಬ್ಬು ಇಟ್ಟು ಅದಕ್ಕೆ ರಟ್ಟು, ಚಿಂದಿ ಬಟ್ಟೆ ತುಂಬಿದ. ಅಮ್ಮ, ಅಜ್ಜಿ ಮೆಟ್ಟಿಲ ಮೇಲೆ ನಿಂತರು. ಪೆನ್ಸಿಲ್ ಬರಲೊಲ್ಲೆ ಎಂದಳು; ಅವನೇ ಕೈಹಿಡಿದು ಕರೆತಂದ.

"ನೋಡು, ಇದು ಮುಳ್ಳು. ಯಾವ ಬಣ್ಣದಲ್ಲಿದೆ?"

"ಹಸಿರು."

"ಜೋರಾಗಿ ಹೇಳು."

"ಹಸಿರು."

ಅವನು ಕಡ್ಡಿ ಗೀರಿದ. ಹುಡುಕಿ ಹುಡುಕಿ ಪಕ್ಕದ ಮನೆಯಿಂದ ತಂದ ಕಡ್ಡಿ ಅದು. ಒಣ ರಟ್ಟು ಕೂಡಲೇ ಹತ್ತಿತು. ಚಿಂದಿಗೆ ತಾಗಿದ ಮೇಲೆ ಜ್ವಾಲೆ ಅವನ ಸೊಂಟದವರೆಗೆ ಎದ್ದಿತು. ಅವನು ಅವಸರ ಮಾಡಲಿಲ್ಲ. ಪಿನ್ನು ಎಳೆದು, ಕೊಳವೆಯನ್ನು ಜ್ವಾಲೆಯ ಬುಡಕ್ಕೆ ಹಿಡಿದು, ಹಿಡಿಯನ್ನು ಅದುಮಿದ.

ಉಸ್ ಎಂದಿತು. ಕೊಳವೆಯ ಬಾಯಿಂದ ಒಂದು ಹಿಡಿ ಬಿಳಿ ಪುಡಿ ಜರಡಿಯಿಂದ ಉದುರಿದಂತೆ ಅವನ ಚಪ್ಪಲಿಯ ಮೇಲೆ ಬಿತ್ತು. ಆಮೇಲೆ ಬರೀ ಗಾಳಿ. ಗಾಳಿಗೆ ಬೆಂಕಿ ಇನ್ನಷ್ಟು ಎದ್ದಿತು.

ಅವನು ಮತ್ತೆ ಅದುಮಿದ. ಸಿಲಿಂಡರನ್ನು ತಲೆಕೆಳಗು ಮಾಡಿ ಕುಲುಕಿದ. ಒಳಗೆ ಕಲ್ಲು ಉರುಳಿದ ಹಾಗೆ ಸದ್ದಾಯಿತು. ವರ್ಷಗಟ್ಟಲೆ ಗೋಡೆಯಲ್ಲಿ ನೇತುಬಿದ್ದ ಪುಡಿ ತಳದಲ್ಲಿ ಗಟ್ಟಿಯಾಗಿ ಕೂತಿತ್ತು. ಮುಳ್ಳು ಗಾಳಿಯ ಒತ್ತಡವನ್ನು ತೋರಿಸುತ್ತದೆಯೇ ಹೊರತು ಪುಡಿಯನ್ನಲ್ಲ. ಅದು ಅವನಿಗೆ ಹದಿನಾಲ್ಕು ವರ್ಷದಿಂದ ಗೊತ್ತಿದ್ದ ವಿಷಯ.

ಉರಿಯುವ ಚಿಂದಿಯ ಒಂದು ತುಂಡು ಹಾರಿ ಬಟ್ಟೆ ಒಣಗುವ ಹಗ್ಗಕ್ಕೆ ತಾಗಿತು. ಅಲ್ಲಿ ಒಣಗುತ್ತಿದ್ದ ಅಮ್ಮನ ಸೀರೆಯ ಅಂಚು ಹೊತ್ತಿಕೊಂಡಿತು.

"ಪೆನ್ಸಿಲ್! ಬಾರೇ ಈ ಕಡೆ!" ಎಂದು ಅಮ್ಮ ಕೂಗಿದಳು.

ಹುಡುಗಿ ಕದಲಲಿಲ್ಲ. ಟಬ್ಬಿಗೆ ಮೂರು ಹೆಜ್ಜೆ ದೂರದಲ್ಲಿ, ಎರಡೂ ಕೈ ಚಾಚಿ ನಿಂತು ಒಂದೇ ಉಸಿರಲ್ಲಿ ಹೇಳುತ್ತಿದ್ದಳು.

"ನನಗೆ ಕೈ ಇದೆ, ನಾನೇ ಬರೆದಿದ್ದು. ಹನ್ನೆರಡನೇ ತಾರೀಕು ಅಪ್ಪ ಮಲಗಿದ್ದ. ಯಾರೂ ತುಂಬಲಿಲ್ಲ. ಇದಿಷ್ಟೂ ನಿಜ. ಬೆಂಕಿಯೇ, ಹಿಂದಕ್ಕೆ ಹೋಗು. ಬೆಂಕಿಯೇ, ಹಿಂದಕ್ಕೆ ಹೋಗು."

ಬೆಂಕಿ ಹಿಂದಕ್ಕೆ ಹೋಗಲಿಲ್ಲ. ಅಮ್ಮ ಹಾರಿ ಬಂದು ಅವಳ ರಟ್ಟೆ ಹಿಡಿದು ಎಳೆದಳು. ಇಬ್ಬರೂ ನೆಲಕ್ಕೆ ಬಿದ್ದರು. ಅಜ್ಜಿ ಬಾಗಿಲಲ್ಲಿದ್ದ ಬಕೆಟ್ ಎತ್ತಿ ಟಬ್ಬಿಗೆ ಸುರಿದಳು. ಅಪ್ಪ ಸಿಲಿಂಡರ್ ಬಿಸಾಡಿ ಎರಡನೆಯ ಬಕೆಟ್ಟಿಗೆ ಓಡಿದ, ಸೀರೆಯನ್ನು ಹಗ್ಗ ಸಮೇತ ಕಿತ್ತು ಅದರಲ್ಲಿ ಅದ್ದಿದ. ಮೂರನೆಯದೂ ಬೇಕಾಯಿತು.

ಹಿತ್ತಲೆಲ್ಲ ಹೊಗೆ. ಅಪ್ಪನ ಮಣಿಕಟ್ಟಿನ ಮೇಲಿನ ಕೂದಲು ಸುಟ್ಟು ಮುದುಡಿದ್ದವು. ಅವನು ಮೆಟ್ಟಿಲ ಮೇಲೆ ಕೂತು ಉರುಳಿಬಿದ್ದ ಸಿಲಿಂಡರನ್ನೇ ನೋಡಿದ. ಮುಳ್ಳು ಈಗ ಕೆಂಪಿಗೆ ಇಳಿದಿತ್ತು.

"ಅಜ್ಜಿ, ನಾನು ನಿಜ ಹೇಳಿದೆ," ಪೆನ್ಸಿಲ್ ಬಿಕ್ಕುತ್ತಿದ್ದಳು. "ಅದು ಹೋಗಲೇ ಇಲ್ಲ."

ಅಜ್ಜಿ ಅವಳ ಮೊಣಕೈಗೆ ಹತ್ತಿದ ಮಣ್ಣು ಒರೆಸಿದಳು. "ಕಥೇಲಿ ಹೋಯ್ತು ಮಗು. ಇಲ್ಲಿ ಬಕೆಟ್ ಬೇಕಾಯ್ತು."

"ಹಾಗಾದ್ರೆ ನಿಜ ಹೇಳಿ ಏನಾಯ್ತು?"

"ಬಕೆಟ್ ಇಟ್ಟಿದ್ದು ಯಾರು? ಸಿಲಿಂಡರ್ ತುಂಬಿಲ್ಲ ಅಂತ ಗೊತ್ತಿದ್ದವಳು ತಾನೇ."

"ನಲವತ್ತೆರಡು ಜನ," ಎಂದಳು ಅಮ್ಮ ಅಪ್ಪನಿಗೆ. "ನಾಳೆ ಬೆಳಿಗ್ಗೆ ಎಂಟು ಗಂಟೆಗೆ ನಾನೂ ಅಲ್ಲೇ ಕೂತಿರ್ತೀನಿ."

*

ಸೋಮವಾರ ಅವನು ಮಾಲೀಕನ ಮುಂದೆ ಸಿಲಿಂಡರ್ ಇಟ್ಟ. ಎಲ್ಲವನ್ನೂ ಇಳಿಸಿಕೊಂಡು ಬರೋಣ, ಪುಡಿ ಬರುವವರೆಗೆ ಜನಕ್ಕೆ ತಿಳಿಸೋಣ ಎಂದ. ಮಾಲೀಕ ನಕ್ಕ.

"ಪುಡಿ ಮುಂದಿನ ತಿಂಗಳು. ಅಲ್ಲಿವರೆಗೆ ಬೆಂಕಿಗೆ ರಜೆ ಕೊಡು."

"ನನ್ನ ಮಗಳ ಶಾಲೆ ಇದೆ ಸಾರ್."

"ನನ್ನ ಮಕ್ಕಳಿಗೂ ಶಾಲೆ ಇದೆ. ಚೀಟಿ ಬರೆಸಿದ್ದು ಯಾರು ಅಂತ ಯಾರಾದ್ರೂ ಕೇಳಿದ್ರೆ ನಿನ್ನ ಮನೆ ತೋರಿಸ್ತೀನಿ. ಅಕ್ಷರ ನನ್ನದಲ್ಲವಲ್ಲ."

ಅದನ್ನು ಅಪ್ಪ ಮನೆಯಲ್ಲಿ ಅಕ್ಷರ ಬಿಡದೆ ಹೇಳಿದ. ಅಗ್ನಿಶಾಮಕ ಕಚೇರಿಗೆ ಬರೆದು ಕೊಡೋಣ ಎಂದಳು ಅಮ್ಮ. ಮಧ್ಯಾಹ್ನವೇ ಕೊಟ್ಟು ಬಂದಿದ್ದೇನೆ, ಬಂದು ನೋಡಲು ಹದಿನೈದು ದಿನವಾಗುತ್ತದೆಯಂತೆ ಎಂದ ಅವನು. ಅಮ್ಮ ಚೀಲದಿಂದ ಒಂದು ಕಟ್ಟು ತೆಗೆದಳು: ಅಂಗಿ ಮಡಚುವಾಗ ಒಳಗಿಡುವ ಬಿಳಿ ರಟ್ಟು, ಕಾರ್ಖಾನೆಯಲ್ಲಿ ಕತ್ತರಿಸಿ ಉಳಿದ ಚೂರುಗಳು. ಅವಳು ಬೆಳಿಗ್ಗೆಯೇ ಕೇಳಿ ತಂದಿದ್ದಳು.

ಅಪ್ಪ ಮೇಜಿಗೆ ಕೂತು ಪೆನ್ನು ತೆಗೆದುಕೊಂಡ. ನಾಲ್ಕು ರಟ್ಟು ಬರೆದ. ಅಜ್ಜಿ ಒಂದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು.

"ಇದು ಕನ್ನಡವೇನೋ?"

ಪೆನ್ಸಿಲ್ ಬಾಗಿಲಿನಿಂದ ಬಂದು ಅವನ ಕೈಯಿಂದ ಪೆನ್ನು ತೆಗೆದುಕೊಂಡಳು. "ಏನು ಬರೀಬೇಕಪ್ಪ?"

"ಇದನ್ನು ತುಂಬಿಲ್ಲ, ಪರೀಕ್ಷಿಸಿಲ್ಲ. ಕೆಳಗೆ, ಬೆಂಕಿ ಬಿದ್ದರೆ ಇದನ್ನು ನಂಬದೆ ಹೊರಗೆ ಓಡಿ."

"ತಾರೀಕು?"

"ಇವತ್ತಿಂದು."

ನಡುರಾತ್ರಿ ದಾಟುವವರೆಗೆ ಅವಳು ಬರೆದಳು, ಅಮ್ಮ ತೂತು ಹಾಕಿದಳು, ಅಜ್ಜಿ ನೂಲು ಪೋಣಿಸಿದಳು. ನಡುವೆ ಅಜ್ಜಿ ಅನ್ನ ಕಲಸಿ ತುತ್ತು ಕೊಟ್ಟಾಗ ಪೆನ್ಸಿಲ್ ತಲೆ ಎತ್ತದೆ ಬಾಯಿ ತೆಗೆದಳು. ಒಂಬತ್ತು ತುತ್ತು ಹೋಯಿತು.

ಮಂಗಳವಾರ ಅವನು ಮೊದಲು ಶಾಲೆಗೆ ಹೋದ, ಆಮೇಲೆ ತಂದಿದ್ದ ಸಿಲಿಂಡರ್ ಸಮೇತ ಹೊಲಿಗೆ ಕಾರ್ಖಾನೆಗೆ. ಅಲ್ಲಿ ತೋಳು ಜೋಡಿಸುವವಳು ಬಿಳಿ ರಟ್ಟನ್ನು ಗಟ್ಟಿಯಾಗಿ ಓದಿದಳು. ಮೆಷಿನ್‌ಗಳು ಒಂದೊಂದಾಗಿ ನಿಂತವು. ಹೆಂಗಸರು ತಾವೇ ಥಾನುಗಳನ್ನು ಎಳೆದು ಎರಡನೇ ಬಾಗಿಲು ಬಿಡಿಸಿದರು. ಮಧ್ಯಾಹ್ನ ಮೂರಕ್ಕೆ ಅಪ್ಪನ ಮಾಲೀಕನಿಗೆ ಸುದ್ದಿ ಮುಟ್ಟಿತು. ನಾಲ್ಕಕ್ಕೆ ಅಪ್ಪನ ಕೈಯಿಂದ ಕಂಪನಿಯ ಸ್ಕೂಟರ್ ಕೀಲಿಯನ್ನೂ ಅಳತೆಯ ಉಪಕರಣದ ಚೀಲವನ್ನೂ ಕಿತ್ತುಕೊಂಡರು. ಅವನು ನಡೆದುಕೊಂಡು ಮನೆಗೆ ಬಂದ.

"ನಾಳೆಯಿಂದ ಬರಬೇಡ ಅಂದ್ರು," ಎಂದು ಚಪ್ಪಲಿ ಬಿಟ್ಟ.

ಅಮ್ಮ ಅನ್ನ ಬಡಿಸುವ ಸೌಟು ಹಿಡಿದೇ ಕೇಳಿದಳು. "ಎಷ್ಟು ಉಳೀತು?"

"ಹತ್ತೊಂಬತ್ತು."

"ಎಲ್ಲೆಲ್ಲಿ?"

ಅವನು ಜೇಬಿನಿಂದ ಪಟ್ಟಿ ತೆಗೆದು ಓದಿದ. ಬಟ್ಟೆ ಅಂಗಡಿ, ಎರಡು ಗೋದಾಮು, ಹುಡುಗಿಯರ ಹಾಸ್ಟೆಲ್, ಸಿನಿಮಾ, ಬೀದಿ ಕೊನೆಯ ಹೆರಿಗೆ ಆಸ್ಪತ್ರೆ. "ನಾಳೆ ಬೆಳಿಗ್ಗೆ ಬಸ್ಸಲ್ಲಿ ಹೋಗಿ ಕಟ್ಟಿ ಬರ್ತೀನಿ."

ಪೆನ್ಸಿಲ್ ತಟ್ಟೆಯ ಮುಂದೆ ಕೂತಿದ್ದಳು. "ಇವತ್ತು ರಾತ್ರಿ ಅಲ್ಲೆಲ್ಲ ಜನ ಮಲಗಿರ್ತಾರಲ್ಲಪ್ಪ?"

ಹೊರಗೆ ಇನ್ನೂ ಬೆಳಕಿತ್ತು. ಅಮ್ಮ ಸೌಟನ್ನು ಪಾತ್ರೆಗೆ ಹಾಕಿ ಮುಚ್ಚಳ ಮುಚ್ಚಿದಳು. "ಹಾಸ್ಟೆಲ್ಲೂ ಬಟ್ಟೆ ಅಂಗಡೀನೂ ನನಗೆ ಕೊಡಿ. ನೀವು ಗೋದಾಮು, ಸಿನಿಮಾ. ಅತ್ತೆ, ನಿಮ್ಮ ಮಂಡಿ?"

"ಮಂಡಿಗೇನು ಧಾಡಿ. ಆಸ್ಪತ್ರೆ ನಮಗಿರಲಿ," ಎಂದು ಅಜ್ಜಿ ಒಲೆ ಆರಿಸಿದಳು. ಆರಿತೇ ಎಂದು ಬಗ್ಗಿ ಎರಡು ಸಲ ನೋಡಿದಳು.

ಹೆರಿಗೆ ಆಸ್ಪತ್ರೆಯ ಬಾಗಿಲಲ್ಲಿ ಕಾವಲುಗಾರ ಸ್ಟೂಲಿನ ಮೇಲೆ ಕೂತಿದ್ದ. ಒಳಗೆಲ್ಲೋ ಕೂಸೊಂದು ಅಳುತ್ತಿತ್ತು, ಇನ್ನೊಂದು ಅದಕ್ಕೆ ದನಿಗೂಡಿಸಿತು. ಅಜ್ಜಿ ಏದುಸಿರಿನಲ್ಲೇ ವಿಷಯ ಹೇಳಿದಳು. ಅವನಿಗೆ ಅರ್ಧ ಅರ್ಥವಾಯಿತು. ಪೆನ್ಸಿಲ್ ಅಷ್ಟರಲ್ಲಿ ಮೆಟ್ಟಿಲ ಬಳಿಯ ಸಿಲಿಂಡರ್ ಮುಂದೆ ತುದಿಗಾಲಲ್ಲಿ ನಿಂತಿದ್ದಳು. ಕೈ ಎಟುಕಲಿಲ್ಲ. ಅವನ ಸ್ಟೂಲನ್ನೇ ಎಳೆದುಕೊಂಡು ಹತ್ತಿ ನೂಲು ಕಟ್ಟಿದಳು, ಎರಡು ಗಂಟು ಹಾಕಿದಳು.

ಕಾವಲುಗಾರ ಕನ್ನಡಕ ಏರಿಸಿ ಬಿಳಿ ರಟ್ಟು ಓದಿದ. ಅವನ ಮುಖ ಬದಲಾಯಿತು. ಪಕ್ಕದ ಹಳದಿ ಚೀಟಿಯನ್ನು ಬೆಳಕಿಗೆ ತಿರುಗಿಸಿ ಓದಿದ. ಮತ್ತೆ ಬಿಳಿಯದು, ಮತ್ತೆ ಹಳದಿ.

"ಈ ಬಿಳೀದನ್ನ ಯಾರು ಬರೆದಿದ್ದು?"

"ನಾನು," ಎಂದಳು ಪೆನ್ಸಿಲ್, ಸ್ಟೂಲಿನ ಮೇಲಿಂದ.

"ಹಾಗಾದ್ರೆ ಈ ಹಳದಿ?"

"ಅದೂ ನಾನೇ."

ಒಳಗೆ ಕೂಸುಗಳು ಅಳುತ್ತಲೇ ಇದ್ದವು. ಕಾವಲುಗಾರ ಅಜ್ಜಿಯ ಕಡೆ ನೋಡಿದ. ಅಜ್ಜಿ ಮೊಮ್ಮಗಳ ಕಡೆ ಕೈ ತೋರಿಸಿದಳು.

"ಯಾವುದನ್ನ ನಂಬಲಿ ನಾನು?"

ಪೆನ್ಸಿಲ್ ಹಳದಿ ಚೀಟಿಯ ತಂತಿಯನ್ನು ಬಿಚ್ಚತೊಡಗಿದಳು. ತಂತಿ ಬಿಗಿಯಾಗಿದ್ದುದರಿಂದ ಸ್ವಲ್ಪ ಹೊತ್ತು ಹಿಡಿಯಿತು.